ಗ್ಯಾರೇಜು ಗೋಡೆಯ ಹನ್ನೊಂದನೇ ಮೊಳೆ

ಕಾರು ರಿಪೇರಿಯ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ತಿಳಿದುಕೊಳ್ಳಬೇಕಾದ ಸಂಗತಿ ಏನೆಂದರೆ, ನಿಮ್ಮ ಬಳಿ ಬರುವ ಗಿರಾಕಿಗೆ ನಿಮಗಿಂತ ಹೆಚ್ಚು ಗೊತ್ತಿರುತ್ತದೆ. ಅವನು ಹಿಂದಿನ ದಿನ ಮೊಬೈಲಿನಲ್ಲಿ ಎಂಟು ನಿಮಿಷದ ವೀಡಿಯೋ ನೋಡಿರುತ್ತಾನೆ. ನೀವು ಮೂವತ್ತೆಂಟು ವರ್ಷ ಕಾರಿನ ಕೆಳಗೆ ಮಲಗಿದ್ದರೆ ಅದು ನಿಮ್ಮ ಸೋಮಾರಿತನ, ಅವನ ತಪ್ಪಲ್ಲ. ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಅವನು ಹೋದ ಮೇಲೆ ಬಾನೆಟ್ ತೆರೆಯಿರಿ. ಮರ್ಯಾದೆಯಿಂದ ಬದುಕಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ನನ್ನ ಹೆಸರು ವಾಸುದೇವ. ಬೆಳ್ತಂಗಡಿ ಪೇಟೆಗೆ ತಾಗಿದ ಲಾಯಿಲದಲ್ಲಿ ಗ್ಯಾರೇಜು ಇಟ್ಟಿದ್ದೆ. ಊರವರಿಗೆ ನಾನು ವಾಸಣ್ಣ. ಹೇಳಿದ ದಿನಕ್ಕೆ ಗಾಡಿ ಕೊಡದಿದ್ದಾಗ ಬೇರೆ ಹೆಸರುಗಳೂ ಇದ್ದವು. ಎರಡೂ ಮೊಣಕಾಲುಗಳು ಒಟ್ಟಿಗೆ ಮುಷ್ಕರ ಹೂಡಿದ ಮೇಲೆ ಕಳೆದ ವರ್ಷ ಗ್ಯಾರೇಜನ್ನು ನನ್ನೊಡನೆ ಹನ್ನೆರಡು ವರ್ಷ ದುಡಿದ ಪ್ರವೀಣನಿಗೆ ಬಿಟ್ಟುಕೊಟ್ಟೆ. ಈಗ ಮನೆಯ ಜಗಲಿಯಲ್ಲಿ ಕುಳಿತು ರಸ್ತೆಯಲ್ಲಿ ಹೋಗುವ ಗಾಡಿಗಳ ಶಬ್ದ ಕೇಳಿ ರೋಗ ಹೇಳುತ್ತೇನೆ. ಕೇಳುವವರು ಯಾರೂ ಇಲ್ಲ, ಹೆಂಡತಿಯೂ ಈಗ ಒಳಗಿನ ಕೋಣೆಗೆ ಹೋಗಿ ಕುಳಿತುಕೊಳ್ಳುತ್ತಾಳೆ.

ನನ್ನ ಗ್ಯಾರೇಜಿನ ಹಿಂದಿನ ಗೋಡೆಯಲ್ಲಿ ಹನ್ನೊಂದು ಮೊಳೆಗಳಿದ್ದವು. ಕಾರಿನ ಎಂಜಿನ್ನು ಗಾಳಿ ಎಳೆದುಕೊಳ್ಳುವ ದಾರಿಗೆ ಜನ ಮನೆಯಲ್ಲೇ ಮಾಡಿ ಜೋಡಿಸಿದ ಒಂದೊಂದು ಅದ್ಭುತ ಒಂದೊಂದು ಮೊಳೆಯಲ್ಲಿ ನೇತಾಡುತ್ತಿತ್ತು. ಕೆಳಗೆ ನಂಬರ್ ಪ್ಲೇಟು ಬರೆಯುವ ಹಳದಿ ಪೈಂಟಿನಲ್ಲಿ ಮಾಡಿದವರ ಹೆಸರು ಮತ್ತು ಊರು. ಚಹಾ ಕುಡಿಯಲು ಬಂದವರು ಕೂಡ ಆ ಗೋಡೆ ನೋಡಿ ನಕ್ಕು ಹೋಗುತ್ತಿದ್ದರು. ಹತ್ತು ಮೊಳೆಗಳ ಬಗ್ಗೆ ನನಗೆ ಈಗಲೂ ಬೇಸರವಿಲ್ಲ. ಹನ್ನೊಂದನೆಯದು ಅಲ್ಲಿ ಇರಬಾರದಿತ್ತು. ಅದರಿಂದ ನೆರಿಯದ ಒಬ್ಬ ಮನುಷ್ಯನ ಹೆಸರು ಕೆಟ್ಟಿತು, ಕೆಡಿಸಿದವನು ನಾನು. ಅದನ್ನು ಹೇಳಬೇಕೆಂದೇ ಬರೆಯಲು ಕುಳಿತದ್ದು. ಆದರೆ ನೇರವಾಗಿ ಅಲ್ಲಿಗೆ ಹೋಗಲು ಧೈರ್ಯ ಸಾಲದು. ಮೊದಲು ಬೇರೆಯವರ ತಪ್ಪುಗಳನ್ನು ಹೇಳುತ್ತೇನೆ, ಅದು ನನಗೆ ಚೆನ್ನಾಗಿ ಬರುತ್ತದೆ.

ಕೆಲಸ ಕಲಿತದ್ದು ಮೂಡುಬಿದಿರೆಯಲ್ಲಿ, ಲಾದ್ರು ಮೇಸ್ತ್ರಿಯ ಕೈಯಲ್ಲಿ. ಕೊಂಕಣಿಯಲ್ಲಿ ಪ್ರಾರ್ಥನೆ, ತುಳುವಿನಲ್ಲಿ ಬೈಗುಳ, ಗಿರಾಕಿಯೊಡನೆ ಕನ್ನಡ. ಅವರಿಗೆ ಎರಡು ಹುಚ್ಚು ಇತ್ತು. ಒಂದು, ಗಾಡಿಯನ್ನು ತೆರೆದು ನೋಡುವ ಮೊದಲು ಯಾರಾದರೂ ಕಾರಣ ಹೇಳಿದರೆ ಅವರಿಗೆ ಆಗುತ್ತಿರಲಿಲ್ಲ. "ಮೊದಲು ಬಾನೆಟ್ ತೆರೆ, ಆಮೇಲೆ ಬಾಯಿ ತೆರೆ" ಎನ್ನುತ್ತಿದ್ದರು. ಎರಡನೆಯದು ಚಿಂದಿ ಬಟ್ಟೆಯ ಲೆಕ್ಕ. ಬೆಳಿಗ್ಗೆ ಕೆಲಸಕ್ಕೆ ಬಂದ ಪ್ರತಿಯೊಬ್ಬನಿಗೂ ಐದು ತುಂಡು ಬಟ್ಟೆ ಕೊಡುತ್ತಿದ್ದರು. ಸಂಜೆ ಐದೂ ತುಂಡು ಅವರ ಮೇಜಿನ ಮೇಲೆ ಬರಬೇಕು. ನಾಲ್ಕು ಬಂದರೆ ಆ ದಿನ ಮುಟ್ಟಿದ ಗಾಡಿಗಳನ್ನೆಲ್ಲ ಮತ್ತೆ ಬಿಚ್ಚಬೇಕು.

ಒಮ್ಮೆ ನನ್ನ ಒಂದು ತುಂಡು ಸಿಗಲಿಲ್ಲ. ಎರಡು ಗಾಡಿ ಬಿಚ್ಚಿಸಿದರು. ಕೊನೆಗೆ ಅದು ನನ್ನದೇ ಹಿಂದಿನ ಜೇಬಿನಲ್ಲಿತ್ತು. ನಾನು ಸಿಟ್ಟಿನಿಂದ, "ಮೇಸ್ತ್ರಿ, ಒಂದು ಚಿಂದಿಗೆ ಇಷ್ಟು ರಗಳೆಯಾ?" ಎಂದೆ. ಅವರು ಬೀಡಿ ಆರಿಸಿ, "ಡಾಕ್ಟ್ರು ಹೊಟ್ಟೆಯೊಳಗೆ ಹತ್ತಿ ಬಿಟ್ರೆ ರೋಗಿ ಬಾಯಿಬಿಟ್ಟು ಹೇಳ್ತಾನೆ ಮಾರಾಯ. ಎಂಜಿನ್ ಹೇಳುದಿಲ್ಲ" ಎಂದರು. ಆ ದಿನದಿಂದ ನಾವು ಅವರಿಗೆ ಬೆನ್ನ ಹಿಂದೆ ಅಗಸ ಎಂದು ಹೆಸರಿಟ್ಟೆವು. ನನ್ನದೇ ಗ್ಯಾರೇಜು ಆದ ದಿನ ನಾನು ಮಾಡಿದ ಮೊದಲ ಸುಧಾರಣೆಯೆಂದರೆ ಚಿಂದಿ ಎಣಿಸುವುದನ್ನು ನಿಲ್ಲಿಸಿದ್ದು.

ಮೂಡುಬಿದಿರೆ ಬಿಟ್ಟ ಮೇಲೆ ಸ್ವಲ್ಪ ಕಾಲ ಬಂಟ್ವಾಳದ ಒಂದು ದೊಡ್ಡ ಸರ್ವಿಸ್ ಸೆಂಟರಿನಲ್ಲಿದ್ದೆ. ಕಾರ್ಬುರೇಟರ್ ಹೋಗಿ ಸೆನ್ಸರ್ ಬಂದ ಕಾಲ. ಅದುವರೆಗೆ ಎಂಜಿನ್ನಿನ ಶಬ್ದ ಕೇಳಿ, ಹೊಗೆಯ ಬಣ್ಣ ನೋಡಿ, ಕೈಗೆ ತಾಗಿದ ಬಿಸಿಯಿಂದ ರೋಗ ಹಿಡಿಯುತ್ತಿದ್ದೆವು. ಈಗ ಒಂದು ವಯರು ಚುಚ್ಚಿದರೆ ಪರದೆಯ ಮೇಲೆ ರೋಗದ ಕೋಡ್ ನಂಬರು ಬರುತ್ತಿತ್ತು. ಅಲ್ಲಿನ ಮ್ಯಾನೇಜರ್ ಟೈ ಕಟ್ಟಿಕೊಂಡು ಬರುತ್ತಿದ್ದ, ಕೈಗೆ ಗ್ರೀಸು ತಾಗದ ಹಾಗೆ ಇಡೀ ಜನ್ಮ ಕಳೆದವನು. ಒಂದು ಕಾರು ಏರು ಹತ್ತುವುದಿಲ್ಲ ಎಂದು ಬಂತು. ಪರದೆ ನೋಡಿ ಗಾಳಿ ಅಳೆಯುವ ಸೆನ್ಸರ್ ಬದಲಿಸಿದ. ಸರಿಯಾಗಲಿಲ್ಲ. ಇನ್ನೊಂದು ಸೆನ್ಸರ್ ಬದಲಿಸಿದ. ನಾನು ಏರ್ ಫಿಲ್ಟರಿನ ಡಬ್ಬಿ ತೆರೆದೆ. ಒಳಗೆ ತೆಂಗಿನ ನಾರು ತಂದು ಗೂಡು ಕಟ್ಟಿ ಒಂದು ಇಲಿ ನಾಲ್ಕು ಮರಿ ಹಾಕಿತ್ತು. "ಸರ್, ನಿಮ್ಮ ಮಿಷನಿನಲ್ಲಿ ಇಲಿಗೆ ಕೋಡ್ ಉಂಟಾ?" ಎಂದು ಕೇಳಿದೆ. ಆ ತಿಂಗಳ ಕೊನೆಗೆ ಲಾಯಿಲದಲ್ಲಿ ಸ್ವಂತ ಗ್ಯಾರೇಜು ತೆರೆದೆ.

ಇನ್ನು ಮನೆಯಲ್ಲೇ ಅಗ್ಗದಲ್ಲಿ ಗಾಳಿಯ ದಾರಿ ಬದಲಿಸುವ ಕಲೆಗೆ ಬರುತ್ತೇನೆ. ಎಂಜಿನ್ನಿಗೆ ಪೆಟ್ರೋಲಿನಷ್ಟೇ ಗಾಳಿಯೂ ಬೇಕು. ತಂಪು ಗಾಳಿ ಹೆಚ್ಚು ಹೋದರೆ ಶಕ್ತಿ ಸ್ವಲ್ಪ ಹೆಚ್ಚುತ್ತದೆ ಎಂಬುದೂ ಸುಳ್ಳಲ್ಲ. ಕಂಪನಿಯವರು ಬಾನೆಟ್ಟಿನೊಳಗೆ ಒಂದು ಕಪ್ಪು ಡಬ್ಬಿ ಇಟ್ಟು, ಅದರಲ್ಲಿ ಕಾಗದದ ಫಿಲ್ಟರ್ ಇಟ್ಟು, ತಂಪು ಗಾಳಿ ಸಿಗುವ ಜಾಗಕ್ಕೆ ಕೊಳವೆ ಕೊಟ್ಟಿರುತ್ತಾರೆ. ಇದಕ್ಕಾಗಿ ಕೆಲವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿರುತ್ತಾರೆ. ನಮ್ಮ ತಾಲೂಕಿನ ಗಿರಾಕಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅದನ್ನು ಸರಿಪಡಿಸುತ್ತಾನೆ.

ಮೊದಲನೇ ಮೊಳೆ ವಾಮದಪದವಿನ ಬೇಕರಿಯವರದು. ಆ ಕಪ್ಪು ಡಬ್ಬಿಗೆ ಡ್ರಿಲ್ಲಿನಲ್ಲಿ ಇಪ್ಪತ್ತು ತೂತು ಕೊರೆದಿದ್ದರು. ಎಂಜಿನ್ನಿನ ಬಿಸಿ ಗಾಳಿ ಎಲ್ಲ ತೂತುಗಳಿಂದ ಒಳಗೆ ಹೋಗಿ ಗಾಡಿ ಮೊದಲಿಗಿಂತ ಬಡವಾಗಿತ್ತು, ಆದರೆ ಶಬ್ದ ಮಾತ್ರ ಲಾರಿಯದ್ದು. "ಪಿಕಪ್ ಎಷ್ಟು ಬಂದಿದೆ ಗೊತ್ತುಂಟಾ ವಾಸಣ್ಣ?" ಎಂದರು. ಜೊತೆಗೆ ಕುಳಿತು ಕಾರಿಂಜದ ಏರಿನವರೆಗೆ ಹೋದೆ. ನಮ್ಮನ್ನು ಒಂದು ಆಟೋ ಹಿಂದೆ ಹಾಕಿತು. "ಅವನದ್ದು ಖಾಲಿ ಆಟೋ" ಎಂದರು. ಪಿಕಪ್ಪು ಕಿವಿಯಿಂದ ಬರುತ್ತದೆ ಎಂದು ಅವರಿಂದಲೇ ನಾನು ಕಲಿತದ್ದು.

ಮೂರನೇ ಮೊಳೆ ಮೂಡುಬಿದಿರೆಯ ಭೌತಶಾಸ್ತ್ರದ ಮೇಷ್ಟ್ರದು. ತೆಂಗಿನೆಣ್ಣೆ ಸುರಿಯುವ ದೊಡ್ಡ ಆಲಿಕೆಯನ್ನು ಮುಂದಿನ ಜಾಲರಿಯ ಹಿಂದೆ ಬಾಯಿ ಎದುರು ಮಾಡಿ ಇಟ್ಟು, ಅದರಿಂದ ಪೈಪು ಎಳೆದಿದ್ದರು. ವೇಗವಾಗಿ ಹೋದಷ್ಟೂ ಗಾಳಿ ತಾನಾಗಿ ನುಗ್ಗುತ್ತದೆ ಎಂದು ಕಾಗದದಲ್ಲಿ ಸೂತ್ರ ಬರೆದು ತೋರಿಸಿದರು. ಸೂತ್ರ ಸರಿಯಾಗಿಯೇ ಇತ್ತು. ಆದರೆ ಆಯುಧಪೂಜೆಯ ಮರುದಿನ ಅವರ ಕಾರು ನಿಂತೇ ಹೋಯಿತು. ಫಿಲ್ಟರ್ ತೆಗೆದರೆ ಅರ್ಧ ಸೇರು ಚೆಂಡುಹೂವಿನ ಎಸಳು. ಪೂಜೆಯ ಮಾಲೆಯನ್ನು ಜಾಲರಿಗೆ ಕಟ್ಟಿದ್ದರಲ್ಲ, ಆಲಿಕೆ ಅದನ್ನು ಒಂದೊಂದೇ ಎಸಳಾಗಿ ಪ್ರಸಾದದಂತೆ ಸ್ವೀಕರಿಸಿತ್ತು. "ಸೂತ್ರದಲ್ಲಿ ಹೂವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ" ಎಂದು ಮೇಷ್ಟ್ರು ಒಪ್ಪಿಕೊಂಡರು. ಅಷ್ಟು ಪ್ರಾಮಾಣಿಕವಾಗಿ ತಪ್ಪು ಒಪ್ಪಿಕೊಂಡ ಮನುಷ್ಯನನ್ನು ನಾನು ಬೇರೆ ನೋಡಿಲ್ಲ.

ಏಳನೆಯದು ಬಂಟ್ವಾಳ ಪೇಟೆಯ ಬಟ್ಟೆ ಅಂಗಡಿಯ ಇಕ್ಬಾಲ್ ಅವರದು. ಅವರ ಭಾವ ದುಬೈಯಿಂದ ತಂದ "ಟರ್ಬೋ". ಬಿಡಿಸಿ ನೋಡಿದರೆ ಕಂಪ್ಯೂಟರಿನೊಳಗಿನ ಸಣ್ಣ ಫ್ಯಾನು. ಅದನ್ನು ಪೈಪಿನೊಳಗೆ ಕೂರಿಸಿದ್ದರು. ಎಂಜಿನ್ನು ಎಳೆಯುವ ಗಾಳಿಗೆ ಆ ಫ್ಯಾನು ಅಡ್ಡ ನಿಲ್ಲುತ್ತಿತ್ತೇ ಹೊರತು ಬೇರೇನೂ ಮಾಡುತ್ತಿರಲಿಲ್ಲ. ತೆಗೆಯುವ ಎಂದೆ. "ತೆಗೆದ್ರೆ ಭಾವನಿಗೆ ಬೇಜಾರಾಗ್ತದೆ. ಅವ ಊರಿಗೆ ಬಂದಾಗ ಹಾಕಿ ಕೊಡಿ, ಹೋದ ಮೇಲೆ ತೆಗೀರಿ" ಎಂದರು. ಆರು ವರ್ಷ ಹಾಗೆಯೇ ಮಾಡಿದೆವು. ಭಾವ ಊರಲ್ಲಿದ್ದಷ್ಟು ದಿನ ಕಾರಿಗೆ ಉಬ್ಬಸ.

ಇವರೆಲ್ಲರಿಗೂ ನಾನು ಹೇಳಿದ್ದು ಒಂದೇ. ಹೊಸ ಕಾಗದದ ಫಿಲ್ಟರ್ ಹಾಕಿಸಿ, ಟಯರಿಗೆ ಸರಿಯಾಗಿ ಗಾಳಿ ಹೊಡೆಸಿ, ಡಿಕ್ಕಿಯಲ್ಲಿ ವರ್ಷದಿಂದ ಇರುವ ಸಿಮೆಂಟಿನ ಚೀಲ ಇಳಿಸಿ. ಇದಕ್ಕಿಂತ ಅಗ್ಗದ ಶಕ್ತಿವರ್ಧನೆ ಲೋಕದಲ್ಲಿಲ್ಲ. ಒಬ್ಬನೂ ಕೇಳಲಿಲ್ಲ. ಕಷ್ಟವಿಲ್ಲದ ಮದ್ದಿನಲ್ಲಿ ನಮ್ಮವರಿಗೆ ನಂಬಿಕೆ ಕಡಿಮೆ.

ಈಗ ಹನ್ನೊಂದನೆಯದು.

ಉಸ್ಮಾನ್ ನೆರಿಯದವನು. ಮೊದಲು ಪಂಪಿಗೆ ಪೈಪು ಜೋಡಿಸುವ ಕೆಲಸ ಮಾಡುತ್ತಿದ್ದ, ಆಮೇಲೆ ಒಂದು ಹಳೆಯ ವ್ಯಾನು ಕೊಂಡು ಶಾಲೆಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದ. ಮಾತು ಕಡಿಮೆ. ದಾರಿಯಲ್ಲಿ ಹೊಳೆಗೆ ಒಂದು ಮುಳುಗು ಸೇತುವೆ ಇತ್ತು. ಮಳೆಗಾಲದಲ್ಲಿ ಅದರ ಮೇಲೆ ನೀರು ಹರಿಯುವುದು ಅಲ್ಲಿಯವರಿಗೆ ದೊಡ್ಡ ಸಂಗತಿಯಲ್ಲ. ಆ ವ್ಯಾನಿನ ಎಂಜಿನ್ನು ಸೀಟಿನ ಅಡಿಯಲ್ಲಿ, ಗಾಳಿ ಎಳೆಯುವ ಬಾಯಿ ಚಕ್ರದ ಎತ್ತರದಲ್ಲಿ. ಒಂದು ಲೋಟ ನೀರು ಒಳಗೆ ಹೋದರೂ ಎಂಜಿನ್ನು ಕೆಟ್ಟು ನಡುನೀರಿನಲ್ಲಿ ನಿಲ್ಲುತ್ತದೆ. ಅದಕ್ಕೆ ಉಸ್ಮಾನ್ ನೀರಿನ ಬಿಳಿ ಪೈಪಿನಿಂದ ಒಂದು ಉದ್ದದ ಮೂಗು ಮಾಡಿ ಗಾಳಿಯ ಬಾಯಿಯನ್ನು ಕಿಟಕಿಯ ಎತ್ತರಕ್ಕೆ ತಂದಿದ್ದ. ಮೇಲಿನ ತುದಿ ಹಿಂದಕ್ಕೆ ಬಾಗಿತ್ತು, ಮಳೆ ಒಳಗೆ ಬೀಳದ ಹಾಗೆ. ತುದಿಗೆ ಸೊಳ್ಳೆ ಬಲೆ. ಕೆಳಗಿನ ಬಾಗಿನಲ್ಲಿ ಒಂದು ಸಣ್ಣ ತೂತು, ತೇವ ಇಳಿದು ಹೋಗಲಿ ಎಂದು. ವೇಗದ ಆಸೆಗೆ ಮಾಡಿದ್ದಲ್ಲ. ಒಂಬತ್ತು ಮಕ್ಕಳು ಕುಳಿತ ಗಾಡಿ ಹೊಳೆಯಲ್ಲಿ ನಿಲ್ಲಬಾರದು ಎಂದು ಮಾಡಿದ್ದು.

ನಾನು ಅದನ್ನು ನೋಡಿದ್ದು ಅವನು ಗಾಡಿ ಸರ್ವಿಸಿಗೆ ತಂದಾಗ. "ಎಂತ ಉಸ್ಮಾನ್, ಮುಂದಿನ ಸಲ ಸಬ್‌ಮರೀನಾ?" ಎಂದೆ. ಅವನೂ ನಕ್ಕ. ಆ ದಿನ ಕೆಲಸ ಬಹಳ ಇತ್ತು. ಫಿಲ್ಟರ್ ಡಬ್ಬಿ ತೆಗೆದು, ಎಂಜಿನ್ನಿಗೆ ಹೋಗುವ ಕೊಳವೆಗೆ ಧೂಳು ಬೀಳದ ಹಾಗೆ ಒಂದು ಬಟ್ಟೆ ತುರುಕಿ, ಬೇರೆ ಕೆಲಸ ಮುಗಿಸಿ, ಎಲ್ಲ ಜೋಡಿಸಿ ಗಾಡಿ ಕೊಟ್ಟೆ.

ನಾಲ್ಕು ದಿನ ಕಳೆದು ಬೆಳಿಗ್ಗೆ ಫೋನು. ವ್ಯಾನು ಸೇತುವೆ ದಾಟಿ ಏರು ಹತ್ತುವಲ್ಲಿ ನಿಂತಿದೆ, ಹಿಂದಿನ ಚಕ್ರ ಇನ್ನೂ ನೀರಿನಲ್ಲಿದೆ. ನಾನು ಹೋಗುವಾಗ ಉಸ್ಮಾನ್ ಒಂಬತ್ತೂ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಗಲ ಮೇಲೆ ಹೊತ್ತು ದಡಕ್ಕೆ ಮುಟ್ಟಿಸಿ ಆಗಿತ್ತು. ಮೊಣಕಾಲಿನವರೆಗೆ ಒದ್ದೆಯಾಗಿ, ಚಪ್ಪಲಿ ಹೊಳೆಗೆ ಕೊಟ್ಟು ನಿಂತಿದ್ದ. ಮಕ್ಕಳ ತಂದೆತಾಯಿಯರು ಸೇರಿದ್ದರು. ಅವರಲ್ಲಿ ಮುಂದೆ ನಿಂತಿದ್ದವರು ದಾಮೋದರ ಗೌಡರು, ಅವರ ಇಬ್ಬರು ಮಕ್ಕಳು ಆ ವ್ಯಾನಿನಲ್ಲಿದ್ದವರು. "ಎಂತ ಆದದ್ದು ವಾಸಣ್ಣ?" ಎಂದು ನನ್ನನ್ನು ಕೇಳಿದರು.

ಅಷ್ಟು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಅದು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ನಾನು ಗಾಡಿಯ ಹತ್ತಿರವೂ ಹೋಗದೆ ಆ ಪೈಪನ್ನು ತೋರಿಸಿದೆ. "ಎಂತ ಆಗುದು ಗೌಡ್ರೆ, ಬಾವಿಯ ಪೈಪು ಮೂಗಿಗೆ ಇಟ್ರೆ ಮನುಷ್ಯನಿಗೂ ಉಸಿರು ಕಟ್ತದೆ. ಗಾಡಿ ಮಾಡಿದವರಿಗೆ ಇವನಷ್ಟು ಬುದ್ಧಿ ಇಲ್ಲ ಅಂತ ಇವ ಎಣಿಸಿದ್ದು."

ಹೆದರಿದ್ದ ಜನಕ್ಕೆ ನಗಲು ಒಂದು ಕಾರಣ ಬೇಕಿತ್ತು, ನಕ್ಕರು. ಉಸ್ಮಾನ್ ಮೆಲ್ಲ, "ವಾಸಣ್ಣ, ಒಮ್ಮೆ ಬಿಚ್ಚಿ ನೋಡಿ ಹೇಳಿದ್ರೆ ಆಗದಾ? ಕಳೆದ ಮಳೆಗಾಲ ಇಡೀ ಇದೇ ಪೈಪಿನಲ್ಲಿ ಓಡಿದ್ದು" ಎಂದ.

"ನನಗೆ ಬಿಚ್ಚಿ ನೋಡ್ಬೇಕಂತ ಇಲ್ಲ" ಎಂದೆ.

ಗೌಡರು ಉಸ್ಮಾನನ ಕಡೆ ತಿರುಗಿ, "ನಾಳೆಯಿಂದ ನಮ್ಮ ಮಕ್ಕಳನ್ನು ನಾವೇ ಬಿಡ್ತೇವೆ" ಎಂದರು. ಬೈಯಲಿಲ್ಲ. ಉಳಿದವರೂ ಅದನ್ನೇ ಹೇಳಿದರು. ಅರ್ಧ ಗಂಟೆಯಲ್ಲಿ ಒಂಬತ್ತು ಮಕ್ಕಳೂ ಹೋದರು.

ವ್ಯಾನನ್ನು ಎಳೆದುಕೊಂಡು ಬಂದು ಮಧ್ಯಾಹ್ನ ಬಿಚ್ಚಿದೆ. ಫಿಲ್ಟರಿನಾಚೆ, ಕೊಳವೆಯ ಬಾಯಿಯಲ್ಲಿ ನೀಲಿ ಚೌಕುಳಿಯ ಒಂದು ಬಟ್ಟೆ ಸಿಕ್ಕಿಕೊಂಡಿತ್ತು. ನನ್ನದೇ ಹಳೆಯ ಲುಂಗಿ, ಗ್ಯಾರೇಜಿಗೆಂದು ನನ್ನ ಹೆಂಡತಿ ಹರಿದು ಕೊಟ್ಟದ್ದು. ಸಪಾಟು ರಸ್ತೆಯಲ್ಲಿ ಅದು ಬದಿಗೆ ಬಿದ್ದು ದಿನಕ್ಕಿಷ್ಟು ಜಾರುತ್ತಾ ಬಂದಿತ್ತು. ಆ ದಿನ ಏರಿನಲ್ಲಿ ಎಂಜಿನ್ನು ಜೋರಾಗಿ ಗಾಳಿ ಎಳೆದಾಗ ಬಂದು ಬಾಯಿ ಮುಚ್ಚಿತು. ನನ್ನ ಒಂದು ಚಿಂದಿ ಒಂಬತ್ತು ಮಕ್ಕಳನ್ನು ಹೊಳೆಯ ಬದಿಯಲ್ಲಿ ನಿಲ್ಲಿಸಿತ್ತು. ಹತ್ತು ಮಾರು ಹಿಂದೆ ನಿಂತಿದ್ದರೆ ಅದು ಸೇತುವೆಯ ನಡುನೀರು. ಲಾದ್ರು ಮೇಸ್ತ್ರಿ ಆಗ ತೀರಿಕೊಂಡು ಎರಡು ವರ್ಷವಾಗಿತ್ತು, ಅವರ ಪುಣ್ಯ.

ಇಷ್ಟಾದರೂ ನಾನು ಆ ಬಟ್ಟೆಯನ್ನು ಮೇಜಿನ ಡ್ರಾವರಿಗೆ ಹಾಕಿ ಬೀಗ ಹಾಕಿದೆ. ಪೈಪು ತೆಗೆದು ಹಳೆಯ ಕೊಳವೆ ಜೋಡಿಸಿ ಸ್ಟಾರ್ಟ್ ಮಾಡಿದೆ. ಗಾಡಿ ಚೆನ್ನಾಗಿ ಓಡಿತು, ಓಡದೆ ಏನು ಮಾಡುತ್ತದೆ. ಸಂಜೆ ಉಸ್ಮಾನ್ ಬಂದ. ಶಬ್ದ ಕೇಳಿದ, ಒಂದು ಸುತ್ತು ಓಡಿಸಿ ಬಂದ.

"ಹಾಗಾದ್ರೆ ಪೈಪೇ ಕಾರಣವಾ ವಾಸಣ್ಣ?"

ಆಗ ಗ್ಯಾರೇಜಿನಲ್ಲಿ ಅವನೂ ನಾನೂ ಬಿಟ್ಟರೆ ಯಾರೂ ಇರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ. ನಾನು "ಹೌದು" ಎಂದೆ. ಅವನು ಪೈಪನ್ನು ತೆಗೆದುಕೊಂಡು ಹೋಗಲು ಕೈ ನೀಡಿದ. "ಇರ್ಲಿ ಇಲ್ಲಿ, ನಾಲ್ಕು ಜನ ನೋಡಿ ಕಲೀಲಿ" ಎಂದೆ. ಹನ್ನೊಂದನೇ ಮೊಳೆ ಹೊಡೆದು ಅದನ್ನು ನೇತುಹಾಕಿದೆ. ಪೈಪು ಉದ್ದವಿತ್ತು, ಅಡ್ಡವಾಗಿ ನೇತಾಡಿತು, ಕೆಳಗೆ ಬರೆಯಲು ಜಾಗ ಹೆಚ್ಚು ಸಿಕ್ಕಿತು. ಉಳಿದ ಹತ್ತಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆದೆ: ಉಸ್ಮಾನ್, ನೆರಿಯ.

ಅವನು ವ್ಯಾನು ಮಾರಿದ. ಮಕ್ಕಳನ್ನು ಹೊಳೆಯಲ್ಲಿ ಬಿಟ್ಟ ಡ್ರೈವರಿಗೆ ಇನ್ನೊಬ್ಬರ ಮಕ್ಕಳು ಸಿಗುವುದಿಲ್ಲ. ಬೇರೆಯವರ ಮೀನಿನ ಟೆಂಪೋ ಓಡಿಸಲು ಸೇರಿದ ಎಂದು ಕೇಳಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಅವಳಾದರೂ ನೆಲವನ್ನು ಮಾತ್ರ ದೂರಿದಳು.

ಇಲ್ಲಿಗೆ ನಿಂತಿದ್ದರೆ ನಾನು ಬರೇ ಹೇಡಿ ಎಂದು ಹೇಳಿ ಮುಗಿಸಬಹುದಿತ್ತು. ಮರುವರ್ಷದ ಮಳೆಗಾಲದಲ್ಲಿ ಅದೇ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದ ಹೊಸ ವ್ಯಾನು, ಪುಣ್ಯಕ್ಕೆ ಮಕ್ಕಳನ್ನು ಇಳಿಸಿ ಖಾಲಿ ಬರುವಾಗ, ಅದೇ ಸೇತುವೆಯಲ್ಲಿ ನೀರು ಕುಡಿಯಿತು. ಎಂಜಿನ್ನಿನೊಳಗಿನ ಕನೆಕ್ಟಿಂಗ್ ರಾಡ್ ಬಾಗಿತ್ತು. ಆ ವ್ಯಾನಿಗೆ ಉಸ್ಮಾನನ ಪೈಪು ಇರಲಿಲ್ಲ, ಕಂಪನಿಯ ಬುದ್ಧಿಯೇ ಇತ್ತು. ದಾಮೋದರ ಗೌಡರು ಬಂದು, "ಇದಕ್ಕೊಂದು ದಾರಿ ಮಾಡ್ಬೇಕಲ್ಲ ವಾಸಣ್ಣ" ಎಂದರು. "ಗಾಳಿಯ ಬಾಯಿ ಮೇಲೆ ತರ್ಬೇಕು, ನಾನು ಮಾಡಿ ಕೊಡ್ತೇನೆ" ಎಂದೆ.

ಅವರು ಹೋದ ಮೇಲೆ ಬಾಗಿಲು ಹಾಕಿ, ಹನ್ನೊಂದನೇ ಮೊಳೆಯಿಂದ ಆ ಪೈಪನ್ನು ಇಳಿಸಿದೆ. ಟೇಪು ಹಿಡಿದು ಅಳತೆ ತೆಗೆದೆ. ಪೈಪಿನ ಅಗಲ ಕಂಪನಿಯ ಕೊಳವೆಗಿಂತ ಒಂದು ನೂಲಿನಷ್ಟು ಹೆಚ್ಚೇ ಇತ್ತು, ಉಸಿರು ಕಟ್ಟುವ ಮಾತೇ ಇರಲಿಲ್ಲ. ಮೇಲಿನ ಬಾಗು, ಬಲೆ, ಕೆಳಗಿನ ಸಣ್ಣ ತೂತು, ಒಂದನ್ನೂ ಬದಲಿಸುವ ಅಗತ್ಯ ಬೀಳಲಿಲ್ಲ. ಸುಧಾರಣೆ ಎಂದು ಕಪ್ಪು ಬಣ್ಣ ಬಳಿದೆ. ಅಳತೆ ಮುಗಿದ ಮೇಲೆ ಅವನದ್ದನ್ನು ಮತ್ತೆ ಮೊಳೆಗೆ ಹಾಕಿದೆ.

ಜನ ಅದಕ್ಕೆ ವಾಸಣ್ಣನ ಸೊಂಡಿಲು ಎಂದು ಹೆಸರಿಟ್ಟರು. ವಾಮದಪದವಿನಿಂದ, ಬಂಟ್ವಾಳದಿಂದ, ಹೊಳೆ ದಾಟುವ ಊರುಗಳಿಂದೆಲ್ಲ ಜೀಪು, ವ್ಯಾನು ಬಂದವು. ಕಪ್ಪು ಸೊಂಡಿಲು ಹಾಕಿಸಿಕೊಂಡು ಹೋಗುವವರು ಗೋಡೆಯ ಮೇಲಿನ ಬಿಳಿ ಸೊಂಡಿಲು ನೋಡಿ ನಗುತ್ತಿದ್ದರು. ಒಬ್ಬನಿಗೂ ಎರಡೂ ಒಂದೇ ಎಂದು ಕಾಣಲಿಲ್ಲ. ಬಣ್ಣ ಬೇರೆ, ಕೆಳಗಿನ ಹೆಸರು ಬೇರೆ, ಇನ್ನೇನು ಬೇಕು. ನಾನೂ ಅವರ ಜೊತೆ ನಕ್ಕಿದ್ದೇನೆ. ಈ ಮಾತು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಗ್ಯಾರೇಜು ಬಿಟ್ಟುಕೊಡುವಾಗ ಪ್ರವೀಣ ಆ ಗೋಡೆಗೆ ಟಯರ್ ಇಡುವ ಸ್ಟ್ಯಾಂಡು ಬೇಕೆಂದ. ಹತ್ತು ವಸ್ತುಗಳ ಯಜಮಾನರಿಗೆ ಫೋನು ಮಾಡಿದೆ. ಭೌತಶಾಸ್ತ್ರದ ಮೇಷ್ಟ್ರು ಬಂದು ಆಲಿಕೆ ತೆಗೆದುಕೊಂಡು ಹೋದರು, ಮನೆಯವರು ಅದನ್ನು ಇನ್ನೂ ಹುಡುಕುತ್ತಿದ್ದರಂತೆ. ಇಕ್ಬಾಲ್ ಅವರು ಫ್ಯಾನನ್ನು ಭಾವನಿಗೇ ವಾಪಸು ಕಳುಹಿಸುತ್ತೇನೆ ಎಂದರು. ಕೊನೆಗೆ ಉಳಿದದ್ದು ಪೈಪು. ಡ್ರಾವರಿನ ಬೀಗ ತೆಗೆದೆ, ಲುಂಗಿಯ ತುಂಡೂ ಹಾಗೆಯೇ ಇತ್ತು.

ಎರಡನ್ನೂ ಹಿಡಿದುಕೊಂಡು ಬಸ್ಸಿನಲ್ಲಿ ನೆರಿಯಕ್ಕೆ ಹೋದೆ. ಉಸ್ಮಾನ್ ಮನೆಯಂಗಳದಲ್ಲಿ ಪಂಪಿನ ಮೋಟರು ಬಿಚ್ಚಿಕೊಂಡು ಕುಳಿತಿದ್ದ. ಗಡ್ಡ ಬೆಳ್ಳಗಾಗಿದೆ. ಕುರ್ಚಿ ತಂದು ಕೊಟ್ಟ. ನಾನು ಪೂರ್ತಿ ಹೇಳಿದೆ. ಬಟ್ಟೆ ತೋರಿಸಿದೆ. ಸೊಂಡಿಲಿನ ಸಂಗತಿಯನ್ನೂ ಬಿಡಲಿಲ್ಲ. ಅವನು ಕೈಯ ಸ್ಪ್ಯಾನರ್ ಕೆಳಗಿಟ್ಟು ಆ ಬಟ್ಟೆಯನ್ನು ತೆಗೆದುಕೊಂಡು ಎರಡೂ ಬದಿ ನೋಡಿದ. ಬೈಯಲಿ ಎಂದು ನಾನು ಕಾಯುತ್ತಿದ್ದೆ.

"ಆ ದಿನ ಆಸ್ಯಮ್ಮ ಕೇಳಿದ್ಳು, ನಿಜವಾಗಿ ನಿಮ್ಮ ಪೈಪಿನಿಂದಲೇ ಆದದ್ದಾ ಅಂತ" ಎಂದ. ಆಸ್ಯಮ್ಮ ಅವನ ಹೆಂಡತಿ. "ನಾನು ಹೌದು ಅಂತ ಹೇಳಿದೆ. ವಾಸಣ್ಣ ಹೇಳಿದ ಮೇಲೆ ನನಗೇ ಹಾಗೆ ಕಂಡಿತು. ಮಕ್ಕಳ ಜೀವ ಹೋಗ್ತಿತ್ತು ನನ್ನ ಬುದ್ಧಿವಂತಿಕೆಯಿಂದ ಅಂತ ಇಷ್ಟು ವರ್ಷ ಎಣಿಸಿದ್ದೇನೆ. ಮತ್ತೆ ಯಾವ ಗಾಡಿಗೂ ನಾನು ಕೈ ಹಾಕಲಿಲ್ಲ."

ಕ್ಷಮಿಸು ಎಂದೆ. ಪೈಪನ್ನು ಅವನ ಮುಂದೆ ಇಟ್ಟೆ. ಅವನು ಅದನ್ನು ಮುಟ್ಟಲಿಲ್ಲ.

"ಇದನ್ನು ನನ್ನ ಅಂಗಳದಲ್ಲಿ ಬಂದು ಹೇಳಿದ್ರೆ ಯಾರಿಗೆ ಕೇಳ್ತದೆ ವಾಸಣ್ಣ? ನೀವು ಆ ದಿನ ಊರು ಸೇರಿದಲ್ಲಿ ಹೇಳಿದ್ದು. ಗೋಡೆಯಲ್ಲಿ ಬರೆದದ್ದು."

ಬಸ್ಸಿಗೆ ತಡವಾಗುತ್ತದೆ ಎಂದು ಅವನೇ ಎದ್ದು ರಸ್ತೆಯವರೆಗೆ ಬಂದು ಬಿಟ್ಟ. ಪೈಪು ಅವನ ಅಂಗಳದಲ್ಲಿ ಉಳಿಯಿತು, ಬಟ್ಟೆ ನನ್ನ ಕೈಯಲ್ಲಿ ವಾಪಸು ಬಂತು.

ಮರುದಿನ ಪ್ರವೀಣನಿಗೆ ಟಯರಿನ ಸ್ಟ್ಯಾಂಡು ಬೇರೆ ಗೋಡೆಗೆ ಹಾಕುವ ಎಂದೆ. ಕಾರಣ ಹೇಳಿದೆ. ಅವನು ಒಳಗೆ ಹೋಗಿ ಅಂದು ಕೆಲಸದಲ್ಲಿದ್ದ ಕಾರಿನಿಂದ ತನ್ನ ಚಿಂದಿಗಳನ್ನು ಒಂದೊಂದಾಗಿ ತೆಗೆದು ಎಣಿಸಿದ. ದಾಮೋದರ ಗೌಡರಿಗೆ ಫೋನು ಮಾಡಿದೆ, ಅವರು ಆ ದಿನ ಸೇತುವೆಯ ಹತ್ತಿರ ಸೇರಿದ್ದ ನಾಲ್ಕೈದು ಮನೆಯವರನ್ನು ಕರೆದುಕೊಂಡು ಒಂದು ಭಾನುವಾರ ಬೆಳಿಗ್ಗೆ ಬಂದರು. ಉಸ್ಮಾನನನ್ನೂ ಕರೆದಿದ್ದೆ. ಬರುತ್ತಾನೆಂದು ನಂಬಿಕೆ ಇರಲಿಲ್ಲ, ಬಂದ. ಹಿಂದೆ ನಿಂತ.

ನಾನು ಅವರೆಲ್ಲರ ಮುಂದೆ ನಡೆದದ್ದನ್ನು ಹೇಳಿದೆ. ತಮಾಷೆ ಮಾಡದೆ ಅಷ್ಟು ಹೊತ್ತು ಮಾತಾಡಿದ್ದು ನನಗೆ ಅದೇ ಮೊದಲು. ಗೌಡರು ತಲೆ ತಗ್ಗಿಸಿ ಕೇಳಿದರು. ಮುಗಿದ ಮೇಲೆ ಉಸ್ಮಾನನ ಹತ್ತಿರ ಹೋಗಿ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಅವರಿಬ್ಬರೂ ಮಾತಾಡುತ್ತಿದ್ದಾಗ ನಾನು ಗೋಡೆಯ ಮೇಲಿನ ಅವನ ಹೆಸರಿಗೆ ಸುಣ್ಣ ಬಳಿದೆ. ಹನ್ನೊಂದನೇ ಮೊಳೆಗೆ ಲುಂಗಿಯ ತುಂಡು ಸಿಕ್ಕಿಸಿ, ಕೆಳಗೆ ಹಳದಿ ಪೈಂಟಿನಲ್ಲಿ ಬರೆದೆ: ವಾಸುದೇವ, ಲಾಯಿಲ.

ಉಸ್ಮಾನ್ ಬಂದು ಗೋಡೆಯ ಎದುರು ನಿಂತ. ಬಟ್ಟೆ ನೋಡಿದ, ಹೆಸರು ಓದಿದ.

"ಅಕ್ಷರ ಸಣ್ಣ ಆಯ್ತು ವಾಸಣ್ಣ" ಎಂದ. "ನನ್ನದ್ದು ಇದಕ್ಕಿಂತ ದೊಡ್ಡದು ಬರೆದಿದ್ರಿ."

ಪೈಂಟಿನ ಡಬ್ಬಿ ಇನ್ನೂ ಮುಚ್ಚಿರಲಿಲ್ಲ. ಪ್ರವೀಣನ ಹತ್ತಿರ ದೊಡ್ಡ ಬ್ರಶ್ ಕೇಳಿದೆ.